ಮೇಳದ ಹೆಸರು ಒಂದೇ, ವೇಷದವರು ಬೇರೆ

(ಹಾಡು ಕೇಳುವ ಗೆಳೆಯರ ಬಳಗವೊಂದರಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಅಲ್ಲಿ ಹಾಡು ಹಾಕಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಸುಧಾರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಹಾಡಿನ ಮೊದಲ ತುಣುಕು ಮಾತ್ರ ಹಾಕುತ್ತೇನೆ. ಪೂರ್ತಿ ಹಾಡು ಆಮೇಲೆ.

ಕೇಳಿದ್ರಾ? ವಾದ್ಯಗಳು ಮೆಲ್ಲಗೆ ಬರುತ್ತವೆ. ಹಿಂದೆಯೇ ಮೂರು ಹೆಣ್ಣು ದನಿ. ಆದರೆ ಪದ ಇಲ್ಲ. ಹೂ... ಹಾ... ಹೂ... ಹಾ... ಅಷ್ಟೇ. ಬಿಸಿ ಕಾಫಿಯ ಲೋಟ ಹಿಡಿದು ಊದುತ್ತಾರಲ್ಲ, ಹಾಗೆ. ಇಂಗ್ಲಿಷ್ ಬರದವರಿಗೂ ಇಷ್ಟು ಹೊತ್ತಿಗೆ ಹಾಡು ಅರ್ಥವಾಗಿರುತ್ತದೆ. ಯಾರೋ ಯಾರನ್ನೋ ಬೀಳ್ಕೊಡುತ್ತಿದ್ದಾರೆ, ಬಾಯಲ್ಲಿ ಮಾತು ಹೊರಡುತ್ತಿಲ್ಲ.

ಹಾಡಿನ ಹೆಸರು 'ವೆನ್ ವಿಲ್ ಐ ಸೀ ಯು ಅಗೇನ್'. ಮತ್ತೆ ಯಾವಾಗ ಸಿಗ್ತೀಯಾ ಅಂತ. ಹಾಡಿದವರು ತ್ರೀ ಡಿಗ್ರೀಸ್, ಅಮೆರಿಕದ ಫಿಲಡೆಲ್ಫಿಯಾದ ಮೂವರು ಹೆಂಗಸರು. ನಮ್ಮಲ್ಲಿ ಆ ಹೆಸರು ಕೇಳಿದರೆ ಬಿ.ಎ., ಎಂ.ಎ., ಬಿ.ಎಡ್. ಮೂರೂ ಮುಗಿಸಿದ ಮೇಡಂ ಒಬ್ಬರು ಕಣ್ಣ ಮುಂದೆ ಬರುತ್ತಾರೆ. ನಗಬೇಡಿ, ಈ ಡಿಗ್ರಿ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಕತೆ 1963ರಿಂದ ಶುರು. ಫಿಲಡೆಲ್ಫಿಯಾದಲ್ಲಿ ಮೂವರು ಕಪ್ಪು ಹುಡುಗಿಯರು: ಫಯೆಟ್ ಪಿಂಕ್ನಿ, ಶರ್ಲಿ ಪೋರ್ಟರ್, ಲಿಂಡಾ ಟರ್ನರ್. ಫಯೆಟ್‌ಗೆ ಆಗ ಹದಿನೈದರ ವಯಸ್ಸು. ಇವರನ್ನು ಕಂಡುಹಿಡಿದದ್ದು ರಿಚರ್ಡ್ ಬ್ಯಾರೆಟ್. ಬ್ಯಾರೆಟ್ ಅಷ್ಟು ಹೊತ್ತಿಗೇ ಪಳಗಿದ ಕೈ. ತಾವೇ ಹಾಡುಗಾರರಾಗಿದ್ದವರು, ಶಾಂಟೆಲ್ಸ್ ಅನ್ನುವ ಹುಡುಗಿಯರ ತಂಡವನ್ನು 1950ರ ದಶಕದಲ್ಲಿ ಮೇಲೆ ತಂದವರು. ಯಾವ ದನಿಗೆ ಯಾವ ದನಿ ಕೂಡುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಕರಾವಳಿ ಕಡೆಯವರು ಇಲ್ಲಿ ಕೂತಿದ್ದೀರಿ, ನಿಮಗೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಬ್ಯಾರೆಟ್ ಅಂದರೆ ಯಕ್ಷಗಾನ ಮೇಳದ ಯಜಮಾನರ ಹಾಗೆ. ಹಾಡು ಆರಿಸುವುದು, ಹೊಸಬರನ್ನು ಕರೆತರುವುದು, ಬಿಟ್ಟು ಹೋದವರ ಜಾಗ ತುಂಬುವುದು, ಎಲ್ಲಾ ಅವರದ್ದೇ.

ಜಾಗ ತುಂಬುವ ಕೆಲಸ ಬೇಗನೇ ಬಂತು. ಶರ್ಲಿ ಮತ್ತು ಲಿಂಡಾ ಹೊರಟರು. ಅವರ ಜಾಗಕ್ಕೆ ಹೆಲೆನ್ ಸ್ಕಾಟ್, ಜ್ಯಾನೆಟ್ ಹಾರ್ಮನ್. 1965ರಲ್ಲಿ ಸ್ವಾನ್ ಅನ್ನುವ ಕಂಪನಿಯಿಂದ ಮೊದಲ ಹಾಡು 'ಜೀ ಬೇಬಿ' ಹೊರಬಂದು, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 80ನೇ ಸ್ಥಾನದ ಹತ್ತಿರ ಉಸ್ಸಪ್ಪಾ ಅಂತ ಕೂತಿತು. ಮರುವರ್ಷ ಹೆಲೆನ್ ಸಂಸಾರ ನೋಡಿಕೊಳ್ಳಲು ತಂಡ ಬಿಟ್ಟರು. ಅಲ್ಲಿಗೆ ಬಂದವರು ಶೀಲಾ ಫರ್ಗುಸನ್. ಶೀಲಾ ಅವರಿಂದ ಬ್ಯಾರೆಟ್ ಅದಾಗಲೇ ಒಂಟಿಯಾಗಿ ಹಾಡಿಸುತ್ತಿದ್ದರು. 1967ರಲ್ಲಿ ಜ್ಯಾನೆಟ್ ಜಾಗಕ್ಕೆ ವ್ಯಾಲರಿ ಹಾಲಿಡೇ. ಈಗ ಫಯೆಟ್, ಶೀಲಾ, ವ್ಯಾಲರಿ. ಲೋಕಕ್ಕೆ ಗೊತ್ತಾದ ಮೂವರು ಇವರೇ. ಹೆಲೆನ್ ಹೆಸರನ್ನೂ ನೆನಪಿಟ್ಟುಕೊಳ್ಳಿ, ಅವರು ವಾಪಸ್ ಬರುತ್ತಾರೆ.

ಗೊತ್ತಾಗಲು ಇನ್ನೂ ಏಳೆಂಟು ವರ್ಷ ಹಿಡಿಯಿತು. ಅಷ್ಟು ದಿನ ಹೊಟ್ಟೆ ಹೊರೆದದ್ದು ನೈಟ್‌ಕ್ಲಬ್‌ಗಳಲ್ಲಿ. ಅಲ್ಲಿ ಜನ ಊಟ ಮಾಡುತ್ತಿರುತ್ತಾರೆ, ಲೋಟ ಕುಟ್ಟುತ್ತಿರುತ್ತಾರೆ, ಮಾತಾಡುತ್ತಿರುತ್ತಾರೆ. ನಮ್ಮ ಮದುವೆ ಮನೆ ವಾಲಗದವರಿಗೆ ಈ ಕಷ್ಟ ಗೊತ್ತು. ಕೇಳದೇ ಇರುವವರ ಮುಂದೆ ಸ್ವರ ತಪ್ಪದೆ ಊದಬೇಕು. ತ್ರೀ ಡಿಗ್ರೀಸ್‌ನ ಹೊಳೆಯುವ ನಿಲುವಂಗಿ, ಒಂದೇ ಅಳತೆಯ ಕೈ ಚಲನೆ, ತಿದ್ದಿದ ನಗು, ಎಲ್ಲಾ ಅಲ್ಲಿ ಕಲಿತ ವಿದ್ಯೆ.

ಈ ಕಾಲದ ಒಂದು ಚಿತ್ರ ಯಾರು ಬೇಕಾದರೂ ನೋಡಬಹುದು. 1971ರ 'ದಿ ಫ್ರೆಂಚ್ ಕನೆಕ್ಷನ್' ಸಿನಿಮಾ. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಪಡೆದದ್ದು. ಅದರಲ್ಲಿ ಒಂದು ನೈಟ್‌ಕ್ಲಬ್ ದೃಶ್ಯ ಇದೆ. ಪೊಲೀಸರಿಬ್ಬರು ಕೂತು ಒಂದು ಟೇಬಲ್ ಮೇಲೆ ಕಣ್ಣಿಟ್ಟಿದ್ದಾರೆ. ವೇದಿಕೆ ಮೇಲೆ ಮೂವರು ಚಂದ್ರನಿಗೆ ಹೋಗುವ ಹಾಡು ಹಾಡುತ್ತಿದ್ದಾರೆ. ತ್ರೀ ಡಿಗ್ರೀಸ್ ತ್ರೀ ಡಿಗ್ರೀಸ್ ಆಗಿಯೇ ಬಂದಿದ್ದಾರೆ, ಬೇರೆ ಪಾತ್ರ ಇಲ್ಲ. ಸಿನಿಮಾ ನೋಡುವವನ ಗಮನವೂ ಟೇಬಲ್ ಕಡೆಗೇ. ಅವರ ಅಷ್ಟು ವರ್ಷದ ಪಾಡು ಆ ಒಂದು ದೃಶ್ಯದಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಅದಕ್ಕೆ ಒಂದು ವರ್ಷ ಮೊದಲು ಒಂದು ಸಣ್ಣ ಗೆಲುವು ಸಿಕ್ಕಿತ್ತು. ಶಾಂಟೆಲ್ಸ್ ಹಾಡಿದ್ದ 'ಮೇಬಿ' ಅನ್ನುವ ಹಳೆಯ ಹಾಡನ್ನು ಬ್ಯಾರೆಟ್ ಇವರಿಂದ ಮತ್ತೆ ಹಾಡಿಸಿದರು. ಮುಂದೆ ನಿಂತು ಹಾಡಿದವರು ವ್ಯಾಲರಿ. ಹಾಡಿಗೆ ಮೊದಲು ಅವರು ಸುಮ್ನೆ ಮಾತಾಡುತ್ತಾರೆ, ಬಿಟ್ಟುಹೋದವನ ಬಗ್ಗೆ, ನೆರೆಮನೆಯವಳ ಹತ್ತಿರ ಹೇಳಿಕೊಂಡ ಹಾಗೆ. ಆಮೇಲೆ ಆ ಮಾತು ಕೂಗಾಗುತ್ತದೆ. ಅಮೆರಿಕದ ಪಟ್ಟಿಯಲ್ಲಿ 29, ಕಪ್ಪು ಸಂಗೀತದ ಪಟ್ಟಿಯಲ್ಲಿ 4. ಇವರ ಸೋಲ್ ಹಾಡು, ಅಂದರೆ ಕಪ್ಪು ಅಮೆರಿಕನ್ನರ ಭಾವ ತುಂಬಿದ ಹಾಡು, ಕೇಳಬೇಕು ಅನ್ನುವವರಿಗೆ ನಾನು ಇದನ್ನೇ ಮೊದಲು ಹೇಳುವುದು. ಅಂಥ ಗಂಟಲನ್ನು ಮುಚ್ಚಿಡಲು ಆಗುವುದಿಲ್ಲ.

ಈಗ ಇವರು ಮುಂದೆ ಹಾಡಿದ ಡಿಸ್ಕೋ ಎಲ್ಲಿಂದ ಬಂತು ಅನ್ನುವ ವಿಷಯ. ಜಾಸ್ತಿ ಜನ ಡಿಸ್ಕೋ ಅಂದರೆ ನ್ಯೂಯಾರ್ಕಿನ ಕ್ಲಬ್ಬು, ಕನ್ನಡಿ ಚೆಂಡು ಅಂದುಕೊಳ್ಳುತ್ತಾರೆ. ಕುಣಿದದ್ದು ಅಲ್ಲಿ ನಿಜ. ತಾಳ ಹುಟ್ಟಿದ್ದಕ್ಕೆ ವಿಳಾಸ ಕೇಳಿದರೆ ನಾನು ಫಿಲಡೆಲ್ಫಿಯಾದ 12ನೇ ಬೀದಿ ತೋರಿಸುತ್ತೇನೆ. ಅಲ್ಲಿ ಸಿಗ್ಮಾ ಸೌಂಡ್ ಅನ್ನುವ ಸ್ಟುಡಿಯೋ ಇತ್ತು, 1968ರಲ್ಲಿ ಜೋ ಟಾರ್ಸಿಯಾ ಶುರು ಮಾಡಿದ್ದು. ಅದೇ ಊರಿನ ಕೆನ್ನಿ ಗ್ಯಾಂಬಲ್ ಮತ್ತು ಲಿಯಾನ್ ಹಫ್ ಅನ್ನುವ ಜೋಡಿ 1971ರಲ್ಲಿ ಫಿಲಡೆಲ್ಫಿಯಾ ಇಂಟರ್‌ನ್ಯಾಷನಲ್ ಅನ್ನುವ ಕಂಪನಿ ತೆರೆದು ತಮ್ಮ ಹಾಡುಗಳನ್ನು ಅಲ್ಲಿ ಮುದ್ರಿಸುತ್ತಿತ್ತು. ನುಡಿಸುವವರ ದಂಡು ದೊಡ್ಡದು, ಮೂವತ್ತಕ್ಕೂ ಹೆಚ್ಚು ಜನ. ಪಿಟೀಲು, ತುತ್ತೂರಿ, ಗಿಟಾರು, ಎಲ್ಲಾ. ದಂಡಿನ ಹೆಸರು ಎಂಎಫ್‌ಎಸ್‌ಬಿ. ಅಮ್ಮ, ಅಪ್ಪ, ಅಕ್ಕ, ಅಣ್ಣ ಅನ್ನುವ ಇಂಗ್ಲಿಷ್ ಪದಗಳ ಮೊದಲಕ್ಷರ.

ಅದರ ಡ್ರಮ್ಮರ್ ಅರ್ಲ್ ಯಂಗ್. ಅವರು ಏನು ಮಾಡಿದರು ಅಂತ ಕೂತಲ್ಲೇ ನೋಡೋಣ. ಎಲ್ಲರೂ ಬಲಗಾಲಿನಲ್ಲಿ ನೆಲ ಕುಟ್ಟಿ. ಒಂದು, ಎರಡು, ಮೂರು, ನಾಲ್ಕು. ಒಂದೇ ಸಮ, ಯಾವುದಕ್ಕೂ ಜಾಸ್ತಿ ಒತ್ತು ಬೇಡ. ಈಗ ಎರಡು ಕುಟ್ಟಿನ ಸರಿ ಮಧ್ಯೆ ಬಾಯಲ್ಲಿ 'ತ್ಸ್' ಅನ್ನಿ. ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಚುಯ್ ಅನ್ನುತ್ತದಲ್ಲ, ಅಂಥದ್ದು. ಧುಂ-ತ್ಸ್, ಧುಂ-ತ್ಸ್, ಧುಂ-ತ್ಸ್. ಹಾಂ, ಅದೇ. ಅದೇ ಡಿಸ್ಕೋ.

(ಇಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ನಿಲ್ಲಿಸಲೇ ಇಲ್ಲ. ಮುಂದಿನ ಎರಡು ನಿಮಿಷದ ಮಾತಿಗೆ ಅವರ ಕಾಲೇ ಹಿಮ್ಮೇಳ.)

ಧುಂ ಬರುವುದು ಕಾಲಿನಲ್ಲಿ ಹೊಡೆಯುವ ದೊಡ್ಡ ಡ್ರಮ್ಮಿನಿಂದ. ತ್ಸ್ ಬರುವುದು ಹೈ-ಹ್ಯಾಟ್‌ನಿಂದ. ಭಜನೆಯ ತಾಳಗಳನ್ನು ಒಂದರ ಮೇಲೊಂದು ಕೋಲಿಗೆ ಸಿಕ್ಕಿಸಿ ಎಡಗಾಲಿನಲ್ಲಿ ತೆಗೆದು ಮುಚ್ಚುವ ಹಾಗಿರುವ ಸಾಮಾನು ಅದು. ಅದಕ್ಕೆ ಮುಂಚಿನ ಸೋಲ್ ಹಾಡುಗಳಲ್ಲಿ ತೂಕ ಎರಡನೇ ಮತ್ತು ನಾಲ್ಕನೇ ಪೆಟ್ಟಿನ ಮೇಲೆ, ಚಪ್ಪಾಳೆ ಬೀಳುವ ಜಾಗದಲ್ಲಿ. ಯಂಗ್ ನಾಲ್ಕಕ್ಕೂ ಸಮಾನ ತೂಕ ಕೊಟ್ಟು ನಡುವೆ ಈ ಚುಯ್ ಸೇರಿಸಿದರು. ಕುಣಿಯಲು ಬಾರದವನೂ ತಪ್ಪು ಹೆಜ್ಜೆ ಹಾಕುವ ಹಾಗಿಲ್ಲ.

ಗ್ಯಾಂಬಲ್ ಮತ್ತು ಹಫ್ ಅವರ ಆ ಮನೆಗೆ ತ್ರೀ ಡಿಗ್ರೀಸ್ ಕಾಲಿಟ್ಟದ್ದು 1973ರಲ್ಲಿ. ಅಲ್ಲಿಂದ ಹೊರಬಂದ 'ಡರ್ಟಿ ಓಲ್ ಮ್ಯಾನ್' ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಅಮೆರಿಕದಲ್ಲಿ ಅಷ್ಟೇನೂ ಸದ್ದು ಮಾಡಲಿಲ್ಲ. ಊರಿನ ದೇವರಿಗಿಂತ ಪರವೂರಿನ ದೇವರೇ ಮೊದಲು ಒಲಿದ.

ಮುಂದಿನ ವರ್ಷದ್ದು ಇನ್ನೂ ಮಜಾ. 'ಸೋಲ್ ಟ್ರೇನ್' ಅನ್ನುವ ಟಿವಿ ಕಾರ್ಯಕ್ರಮ ಇತ್ತು. ಕಪ್ಪು ಜನರ ಹಾಡು, ಕುಣಿತಕ್ಕೆ ಮೀಸಲು. ಅದನ್ನು ನಡೆಸುತ್ತಿದ್ದ ಡಾನ್ ಕಾರ್ನೀಲಿಯಸ್ ಒಂದು ಶೀರ್ಷಿಕೆ ಹಾಡು ಬೇಕು ಅಂದರು. ಗ್ಯಾಂಬಲ್ ಮತ್ತು ಹಫ್ ಮಾಡಿಕೊಟ್ಟರು. ಆದರೆ ಗ್ರಾಮಫೋನ್ ತಟ್ಟೆಯ ಮೇಲೆ ಕಾರ್ಯಕ್ರಮದ ಹೆಸರು ಹಾಕಲು ಕಾರ್ನೀಲಿಯಸ್ ಒಪ್ಪಲಿಲ್ಲ. ಸರಿ, ನಮ್ಮೂರಿನ ಹೆಸರೇ ಇರಲಿ ಅಂತ 'ಟಿಎಸ್‌ಒಪಿ' ಅಂತ ಇಟ್ಟರು, ಅಂದರೆ ಫಿಲಡೆಲ್ಫಿಯಾದ ನಾದ. 1974ರ ಏಪ್ರಿಲ್‌ನಲ್ಲಿ ಅದು ಅಮೆರಿಕದಲ್ಲಿ ನಂಬರ್ ಒನ್. ಟಿವಿಯ ಶೀರ್ಷಿಕೆ ಹಾಡೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಹೆಸರು ಬೇಡ ಅಂದದ್ದು ಎಂಥ ಪೆದ್ದುತನ ಅಂತ ಕಾರ್ನೀಲಿಯಸ್ ಆಮೇಲೆ ಕೈ ಕೈ ಹಿಸುಕಿಕೊಂಡರು.

ತಟ್ಟೆಯ ಮೇಲೆ ಎಂಎಫ್‌ಎಸ್‌ಬಿ ಜೊತೆಗೆ ತ್ರೀ ಡಿಗ್ರೀಸ್ ಹೆಸರೂ ಇದೆ. ಹಾಡಿದ್ದು ಎಷ್ಟು ಅಂತೀರಿ? ನಾಲ್ಕಾರು ಪದ. ಬಹುಪಾಲು ವಾದ್ಯವೇ ನುಡಿಯುತ್ತದೆ, ಇವರು ಪಿಟೀಲಿನ ಹಾಗೆ ನಡುವೆ ಬಂದು ಹೋಗುತ್ತಾರೆ. ಅಮೆರಿಕದ ಮುಖ್ಯ ಪಟ್ಟಿಯಲ್ಲಿ ಇವರ ಹೆಸರಿಗೆ ಸಿಕ್ಕ ಒಂದೇ ಒಂದು ನಂಬರ್ ಒನ್ ಇದು!

ಅದೇ ವರ್ಷದ್ದು ಆ 'ಹೂ... ಹಾ...' ಹಾಡು. ಗ್ಯಾಂಬಲ್ ಪಿಯಾನೋ ಮುಂದೆ ಕೂತು ಹಾಡಿ ತೋರಿಸಿದಾಗ ಶೀಲಾಗೆ ಸಿಟ್ಟು ಬಂತಂತೆ. ಇಷ್ಟು ಸಲೀಸಾದ ಹಾಡು ನನಗಾ? ಇದನ್ನು ಹಾಡಲು ಪ್ರತಿಭೆ ಯಾಕೆ ಬೇಕು? ಇದು ಅವಮಾನ, ಅಂತ ರಂಪ ಮಾಡಿದರಂತೆ. ಕೊನೆಗೂ ಹಾಡಿದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ತಟ್ಟೆ ಖರ್ಚಾದ ಮೇಲೆ, ಆ ಮನುಷ್ಯನಿಗೆ ನನಗಿಂತ ಜಾಸ್ತಿ ಗೊತ್ತಿತ್ತು ಅಂತ ಅವರೇ ಒಪ್ಪಿಕೊಂಡರು.

ನನಗೆ ಶೀಲಾ ಸಿಟ್ಟು ಅರ್ಥವಾಗುತ್ತದೆ. ದೊಡ್ಡ ಗಂಟಲಿನವರಿಗೆ ಮೆಲ್ಲಗೆ ಹಾಡು ಅನ್ನುವುದು ಸಂಗೀತ ವಿದ್ವಾಂಸರಿಗೆ ಸರಳೆ ಹಾಡಿ ಅಂದ ಹಾಗೆ. ಆದರೆ ಈ ಹಾಡಿನ ಬಟ್ಟೆ ನೇಯ್ದಿರುವ ರೀತಿ ನೋಡಿ. ಉಸಿರಿನ ಸದ್ದು ಮತ್ತು ಒಂದು ಚಿಕ್ಕ ಉದ್ಗಾರ ಬಿಟ್ಟರೆ, ಬಂದ ಸಾಲೆಲ್ಲ ಪ್ರಶ್ನೆ. ಮತ್ತೆ ಯಾವಾಗ ಸಿಗ್ತೀಯಾ? ನಾವು ಬರೀ ಸ್ನೇಹಿತರಾ? ಇದು ಶುರುವಾ, ಕೊನೆಯಾ? ಉತ್ತರ ಒಂದಕ್ಕೂ ಇಲ್ಲ. ಎದುರಿಗೆ ಇರುವವನು ಬಾಯಿ ಬಿಡುವುದೇ ಇಲ್ಲ. ಇದನ್ನು ಕೂಗಿ ಹಾಡಿದ್ದರೆ ಜಗಳ ಆಗುತ್ತಿತ್ತು. ಶೀಲಾ ದನಿ ಏರಿಸದೆ ಕೇಳುತ್ತಾರೆ, ಉಳಿದಿಬ್ಬರು ಹಿಂದಿನಿಂದ ಊದುತ್ತಾರೆ.

1974ರ ಆಗಸ್ಟ್‌ನಲ್ಲಿ ಹಾಡು ಬ್ರಿಟನ್ನಿನಲ್ಲಿ ಎರಡು ವಾರ ಮೊದಲ ಸ್ಥಾನದಲ್ಲಿತ್ತು. 1964ರಲ್ಲಿ ಸುಪ್ರೀಮ್ಸ್ ತಂಡ ಅಲ್ಲಿ ಗೆದ್ದ ಮೇಲೆ ಹತ್ತು ವರ್ಷ ಯಾವ ಹುಡುಗಿಯರ ತಂಡಕ್ಕೂ ಸಿಗದೇ ಇದ್ದ ಜಾಗ. ಅಮೆರಿಕದಲ್ಲಿ ವರ್ಷದ ಕೊನೆಗೆ ಎರಡನೇ ಸ್ಥಾನಕ್ಕೆ ಬಂದು ನಿಂತಿತು. ಮೇಲೆ ಏರಲು ಬಿಡದೆ ಕೂತಿದ್ದ ಹಾಡು ಯಾವುದು ಗೊತ್ತಾ? 'ಕುಂಗ್ ಫು ಫೈಟಿಂಗ್'. ಹಾಡಿದವರು ಕಾರ್ಲ್ ಡಗ್ಲಸ್. ಮಾಡಿಸಿದವರು ಬಿದ್ದು. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ, ಕೊಡವರು, ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ! ಗಿಟಾರು ಹಿಡಿದು ಲಂಡನ್ನಿಗೆ ಹೋದ ಹುಡುಗ. ತಟ್ಟೆಯ ಹಿಂಬದಿಗೆ ಒಂದು ಹಾಡು ಬೇಕಲ್ಲ ಅಂತ ಸ್ಟುಡಿಯೋ ಹೊತ್ತು ಮುಗಿಯುವ ಮುಂಚೆ ಗಡಿಬಿಡಿಯಲ್ಲಿ ಮುಗಿಸಿದ ಹಾಡು ಅದು. ಮುಂದೆ 1980ರಲ್ಲಿ 'ಆಪ್ ಜೈಸಾ ಕೋಯಿ' ಕೊಟ್ಟವರೂ ಇವರೇ, ಅದು ನಿಮಗೆಲ್ಲ ಗೊತ್ತು. ಫಿಲಡೆಲ್ಫಿಯಾದ ದೊಡ್ಡ ದಂಡು, ಮೂವತ್ತು ವಾದ್ಯ, ಮೂರು ದನಿ ಒಂದು ಕಡೆ. ಬೆಂಗಳೂರಿನ ಹುಡುಗನ ಗಡಿಬಿಡಿ ಇನ್ನೊಂದು ಕಡೆ. ಗೆದ್ದದ್ದು ಗಡಿಬಿಡಿ. ನ್ಯಾಯ ಅಂತ ನಾನು ಹೇಳಲ್ಲ. ಆದರೆ ಸ್ವಲ್ಪ ಖುಷಿ ಆಗುತ್ತದೆ, ಅಲ್ವಾ?

ಜಪಾನಿನಲ್ಲಿ ಇವರನ್ನು ಹೊತ್ತು ಮೆರೆಸಿದರು. ಟೋಕಿಯೊದ ಸಂಗೀತೋತ್ಸವದಲ್ಲಿ ಇದೇ ಹಾಡು ಹಾಡಿ ಬಂದರು. 1975ರಲ್ಲಿ 'ನಿಗಾಯಿ ನಮಿದಾ', ಅಂದರೆ ಕಹಿ ಕಣ್ಣೀರು, ಅನ್ನುವ ಹಾಡನ್ನು ಜಪಾನಿ ಭಾಷೆಯಲ್ಲೇ ಹಾಡಿ ಮುದ್ರಿಸಿದರು. ಅರ್ಥ ತಿಳಿಯದ ಭಾಷೆಯ ಹಾಡು ಬಾಯಿಪಾಠ ಮಾಡಿ ಭಾವ ತಪ್ಪದೆ ಹಾಡುವುದು ನಮ್ಮ ಸಿನಿಮಾ ಗಾಯಕರಿಗೆ ದಿನದ ಕೆಲಸ. ಅಮೆರಿಕದವರು ಅದನ್ನು ಮಾಡುವುದು ಕಡಿಮೆ. ನೈಟ್‌ಕ್ಲಬ್‌ನಲ್ಲಿ ಪಳಗಿದವರಿಗೆ ಕೇಳುವವರು ಮುಖ್ಯ, ಅವರು ಯಾವ ಭಾಷೆಯವರಾದರೇನು.

ಬ್ರಿಟನ್ನಿನ ಕತೆಯಂತೂ ಇನ್ನೂ ದೊಡ್ಡದು. ಆಗ ಅಲ್ಲಿ ಯುವರಾಜರಾಗಿದ್ದ ಚಾರ್ಲ್ಸ್‌ಗೆ ಇವರ ಹಾಡು ಅಚ್ಚುಮೆಚ್ಚಾಗಿತ್ತು. 1978ರಲ್ಲಿ ಅವರ ಮೂವತ್ತನೇ ಹುಟ್ಟುಹಬ್ಬಕ್ಕೆ ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಹಾಡಿದರು. ಅಲ್ಲಿನ ಪತ್ರಿಕೆಗಳು ಅಮೆರಿಕದ ಟಿವಿ ಧಾರಾವಾಹಿಯ ಹೆಸರನ್ನೇ ಎರವಲು ಪಡೆದು 'ಚಾರ್ಲೀಸ್ ಏಂಜಲ್ಸ್' ಅಂತ ಅಡ್ಡಹೆಸರಿಟ್ಟವು. ಈ ಅರಮನೆ ಕತೆಯೇ ಇವರ ಪೂರ್ತಿ ಕತೆ ಅನ್ನುವ ಹಾಗೆ ಬರೆಯುವವರಿದ್ದಾರೆ. ನನಗೆ ಅದರಲ್ಲಿ ಅಂಥ ಆಸಕ್ತಿ ಇಲ್ಲ, ಮುಂದೆ ಹೋಗೋಣ.

ಹುಟ್ಟುಹಬ್ಬದಲ್ಲಿ ಹಾಡಿದ ಮೂವರಲ್ಲಿ ಫಯೆಟ್ ಇರಲಿಲ್ಲ. 1963ರಿಂದ ಕದಲದೆ ನಿಂತಿದ್ದ ಅವರು 1976ರಲ್ಲಿ ಹೊರಟಿದ್ದರು. ಆ ಜಾಗಕ್ಕೆ ಬಂದವರು ಹೆಲೆನ್ ಸ್ಕಾಟ್. ಹತ್ತು ವರ್ಷದ ಹಿಂದೆ ಬಿಟ್ಟುಹೋಗಿದ್ದ ಅದೇ ಹೆಲೆನ್. ಅವರು ಹೋದಾಗ ಇದು 80ನೇ ಸ್ಥಾನದ ತಂಡ, ಬಂದಾಗ ಲೋಕ ಸುತ್ತುವ ತಂಡ. ತವರಿಗೆ ಬಂದ ಮಗಳಿಗೆ ಮನೆ ಅರಮನೆಯಾಗಿದ್ದರೆ ಹೇಗಿರುತ್ತದೋ ಹಾಗೆ.

ಫಿಲಡೆಲ್ಫಿಯಾದ ಕಂಪನಿಯನ್ನೂ ಅಷ್ಟು ಹೊತ್ತಿಗೆ ಬಿಟ್ಟಾಗಿತ್ತು. 1978ರಲ್ಲಿ ಇವರು ಸೇರಿದ್ದು ಜಾರ್ಜಿಯೋ ಮೊರೊಡರ್ ಜೊತೆ. ಇಟಲಿಯವರು, ಜರ್ಮನಿಯ ಮ್ಯೂನಿಕ್‌ನಲ್ಲಿ ಕೂತು ಡೊನ್ನಾ ಸಮ್ಮರ್ ಅನ್ನುವ ಗಾಯಕಿಯ ಹಾಡುಗಳಿಂದ ಡಿಸ್ಕೋದ ಚಹರೆಯನ್ನೇ ಬದಲಿಸಿದವರು. ಯಂಗ್ ಕಾಲಿನಲ್ಲಿ ಕುಟ್ಟುತ್ತಿದ್ದ ಧುಂ-ತ್ಸ್ ಮೊರೊಡರ್ ಕೈಯಲ್ಲಿ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದ ಓಟವಾಯಿತು. 'ದಿ ರನ್ನರ್' ಕೇಳಿ. ಹೆಸರಿಗೆ ತಕ್ಕ ಹಾಗೆ ಕೆಳಗೆ ಯಂತ್ರ ಒಂದೇ ಸಮ ಓಡುತ್ತದೆ, ಮೇಲೆ ಮೂರು ದನಿ ಏದುಸಿರು ಬಿಡದೆ ಹಾಡುತ್ತವೆ. 'ಗಿವಿಂಗ್ ಅಪ್, ಗಿವಿಂಗ್ ಇನ್', 'ವುಮನ್ ಇನ್ ಲವ್', 'ಮೈ ಸಿಂಪಲ್ ಹಾರ್ಟ್' ಎಲ್ಲಾ ಈ ಒಂದೆರಡು ವರ್ಷದ್ದೇ. 'ವುಮನ್ ಇನ್ ಲವ್' 1979ರಲ್ಲಿ ಬ್ರಿಟನ್ನಿನಲ್ಲಿ ಮೂರನೇ ಸ್ಥಾನಕ್ಕೆ ಬಂತು. ಸ್ವಂತ ದೇಶದಲ್ಲಿ ಕೇಳುವವರೇ ಕಡಿಮೆ.

ನನ್ನ ಅಭಿಪ್ರಾಯ ಕೇಳಿದರೆ, ಯಂಗ್ ಕಾಲಿಗೇ ನನ್ನ ಮತ. ಮನುಷ್ಯನ ಕಾಲು ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ, ಅಲ್ಲೇ ರುಚಿ ಇರುವುದು. ಆದರೆ ಕಾಲೇಜಿಗೆ ಹೋಗುವ ನನ್ನ ಅಣ್ಣನ ಮಗಳಿಗೆ ಎರಡನ್ನೂ ಕೇಳಿಸಿದೆ. "ಚಿಕ್ಕಪ್ಪ, ಇದು ಮದುವೆ ಬ್ಯಾಂಡ್, ಅದು ಹಾಡು" ಅಂತ ಮೊರೊಡರ್ ಕಡೆ ಕೈ ತೋರಿಸಿದಳು. ಇರಲಿ.

1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿದರು, ಆ ದಿನದ ಎರಡನೇ ಆಟವೇ ನಿಂತುಹೋಯಿತು. ಡಿಸ್ಕೋ ಅಂದರೆ ಕಪ್ಪು ಜನ, ಲ್ಯಾಟಿನೋ ಜನ, ಸಲಿಂಗಿಗಳು ಕಟ್ಟಿದ ಕುಣಿತದ ಮನೆ. ಸಿಟ್ಟು ಬರೀ ತಾಳದ ಮೇಲೆ ಇತ್ತು ಅಂತ ನಂಬುವುದು ನನಗೆ ಕಷ್ಟ. ಎಷ್ಟೋ ತಂಡಗಳು ಆಮೇಲೆ ಮನೆಗೆ ಹೋದವು. ತ್ರೀ ಡಿಗ್ರೀಸ್ ಉಳಿದುಕೊಂಡರು, ಏಕೆಂದರೆ ಅವರ ಅನ್ನ ಅಮೆರಿಕದ ರೇಡಿಯೋದಲ್ಲಿ ಇರಲಿಲ್ಲ. ಇಂಗ್ಲೆಂಡಿನ ಸಭಾಂಗಣ, ಜಪಾನಿನ ಹೋಟೆಲು, ಯುರೋಪಿನ ಟಿವಿ. ಹಿಂದೆ ಕಲಿತ ನೈಟ್‌ಕ್ಲಬ್ ವಿದ್ಯೆಯೇ ಮತ್ತೆ ಊಟ ಹಾಕಿತು.

1986ರಲ್ಲಿ ಶೀಲಾ ಕೂಡ ಬಿಟ್ಟರು. ಮೂರು ವರ್ಷದ ಮೇಲೆ ಕಪ್ಪು ಅಮೆರಿಕನ್ನರ ಮನೆ ಅಡುಗೆಯ ಬಗ್ಗೆ 'ಸೋಲ್ ಫುಡ್' ಅಂತ ಪುಸ್ತಕ ಬರೆದರು. ಹೆಲೆನ್ ಮತ್ತು ವ್ಯಾಲರಿ ಮೂರನೆಯವರನ್ನು ಹುಡುಕಿಕೊಂಡು ಮುಂದುವರಿದರು. 1989ರಿಂದ ಇಪ್ಪತ್ತು ವರ್ಷ ಸಿಂಥಿಯಾ ಗ್ಯಾರಿಸನ್, 2011ರಿಂದ ಫ್ರೆಡ್ಡಿ ಪೂಲ್.

ಇಲ್ಲಿಗೆ ಬಂದಾಗ ಸಭೆಯಲ್ಲಿ ಒಬ್ಬರು ಕೈ ಎತ್ತಿ ಕೇಳಿದರು: "ಸಾರ್, ಎಲ್ಲರೂ ಬದಲಾದರೆ ಅದೇ ತಂಡ ಅಂತ ಹೆಂಗೆ ಹೇಳೋದು? ಮೊದಲಿನ ಮೂವರಲ್ಲಿ ಒಬ್ಬರೂ ಇಲ್ವಲ್ಲ?" ಒಳ್ಳೆ ಪ್ರಶ್ನೆ. ನನ್ನ ಉತ್ತರ ಮತ್ತೆ ಯಕ್ಷಗಾನದ್ದೇ. ಕಟೀಲು ಮೇಳದ ಆಟ ಇದೆ ಅಂದರೆ ಹೊರಡುತ್ತೇವೆ. ಅಜ್ಜ ನೋಡಿದ ವೇಷಧಾರಿ ಈಗಿಲ್ಲ, ಭಾಗವತರೂ ಬೇರೆ. ಆದರೂ ಮೇಳ ಅದೇ, ಏಕೆಂದರೆ ಪಾತ್ರದ ಜಾಗ ಹಾಗೇ ಇದೆ. ದೇವಿಯ ವೇಷ ಕಟ್ಟಿದವನು ಆ ರಾತ್ರಿಗೆ ದೇವಿ. ತ್ರೀ ಡಿಗ್ರೀಸ್‌ನಲ್ಲೂ ಹಾಡುವ ಜಾಗ ಮೂರು. ನಡುವಿನ ದನಿ, ಮೇಲಿನ ದನಿ, ಕೆಳಗಿನ ದನಿ. ಬಂದವರು ಆ ಜಾಗಕ್ಕೆ ತಮ್ಮ ಉಸಿರನ್ನು ಹೊಂದಿಸಿಕೊಳ್ಳಬೇಕು. ಹಾಗಂತ ಕೇಳಿದವರ ಅನುಮಾನ ಸುಳ್ಳೂ ಅಲ್ಲ. ಶೀಲಾ ಇಲ್ಲದೆ ಆ ಪ್ರಶ್ನೆಗಳ ಹಾಡು ಕೇಳಿದಾಗ ನನಗೆ ಏನೋ ಕಮ್ಮಿ ಅನ್ನಿಸುತ್ತದೆ. ಹಳೇ ಭಾಗವತರ ಪದ ಕೇಳಿದ ಕಿವಿ ಅಷ್ಟು ಸುಲಭಕ್ಕೆ ಒಪ್ಪಲ್ಲ.

ಈಗ ಡಿಗ್ರಿ ವಿಷಯ. ಫಯೆಟ್ ಪಿಂಕ್ನಿ ತಂಡ ಬಿಟ್ಟು 1979ರಲ್ಲಿ ಒಂಟಿಯಾಗಿ ಒಂದು ಆಲ್ಬಂ ಮಾಡಿದರು. ಹೆಸರು 'ಒನ್ ಡಿಗ್ರೀ'. ಅದು ಓಡಲಿಲ್ಲ. ಆಮೇಲೆ ಅವರು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡರು. 1984ರಲ್ಲಿ ಮನಶ್ಶಾಸ್ತ್ರದಲ್ಲಿ ಪದವಿ, ಮರುವರ್ಷ ಲಿಂಕನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ. ಮೂವತ್ತೈದು ದಾಟಿದ ಮೇಲೆ, ಲೋಕವೆಲ್ಲ ಹಾಡಿ ಬಂದ ಮೇಲೆ, ತರಗತಿಯ ಬೆಂಚಿನ ಮೇಲೆ ಕೂತು. ಆಮೇಲೆ ಆಪ್ತಸಲಹೆಗಾರರಾಗಿ ಕೆಲಸ ಮಾಡಿದರು. ಬೇರೆಯವರಿಗೆ ಹಾಡು ಕಲಿಸಿದರು, ಚರ್ಚಿನ ಗಾಯಕರ ಜೊತೆ ಹಾಡಿದರು. 2009ರಲ್ಲಿ, 61ನೇ ವಯಸ್ಸಿಗೆ ತೀರಿಕೊಂಡರು.

ಆ ಹಾಡಿನಲ್ಲಿ ಶೀಲಾ ಒಂದೊಂದೇ ಪ್ರಶ್ನೆ ಕೇಳುವಾಗ ಹಿಂದೆ ಊದುವ ಇಬ್ಬರಲ್ಲಿ ಒಬ್ಬರು ಈ ಫಯೆಟ್. ಈಗ ಪೂರ್ತಿ ಹಾಡು ಹಾಕುತ್ತೇನೆ. ಫ್ಯಾನ್ ಸ್ವಲ್ಪ ಆಫ್ ಮಾಡ್ತೀರಾ?